ಸಂಡಿಗೆ ಕೋರ್ಸು ಮತ್ತು ಅಳಿಯಂದಿರು

ಏನೂ ಮಾಡದೆ ಗೌರವ ಸಿಗುವ ಹುದ್ದೆಗಳು ಈ ಪ್ರಪಂಚದಲ್ಲಿ ಬಹಳ ಕಡಿಮೆ. ನನಗೆ ತಿಳಿದಂತೆ ಅವುಗಳಲ್ಲಿ ಅತ್ಯುತ್ತಮವಾದದ್ದು ಅಳಿಯನ ಹುದ್ದೆ. ಇದಕ್ಕೆ ಪ್ರವೇಶ ಪರೀಕ್ಷೆ ಇಲ್ಲ, ಬಡ್ತಿಯ ಚಿಂತೆ ಇಲ್ಲ, ವರ್ಗಾವಣೆಯಂತೂ ಇಲ್ಲವೇ ಇಲ್ಲ. ಒಂದು ಶುಭ ಮುಹೂರ್ತದಲ್ಲಿ ತಲೆ ತಗ್ಗಿಸಿ ಕೂತು ಮೂರು ಗಂಟು ಹಾಕಿಬಿಟ್ಟರೆ ಮುಗಿಯಿತು. ಆಮೇಲೆ ಪಂಕ್ತಿಯಲ್ಲಿ ಮೊದಲು ಕೂರುವ, ಬೇಡ ಬೇಡ ಎನ್ನುತ್ತಲೇ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವ ಹಕ್ಕು ಜೀವನಪರ್ಯಂತ ನಮ್ಮದು. ದೆಹಲಿಯ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿರುವ ನನಗೆ ವರ್ಷವಿಡೀ ಆಫೀಸಿನಲ್ಲಿ ಸಿಗದ ಮರ್ಯಾದೆಯೆಲ್ಲ ರಜೆಯಲ್ಲಿ ತಿಪಟೂರಿಗೆ ಹೋದಾಗ ಒಟ್ಟಿಗೇ ಸಿಕ್ಕಿಬಿಡುತ್ತಿತ್ತು. ಅಲ್ಲಿ ನಾನು ನೀರು ಕುಡಿಯಲೆಂದು ಎದ್ದರೆ ಮನೆಯೆಲ್ಲ ಎದ್ದು ನಿಲ್ಲುತ್ತಿತ್ತು. ಉಂಡ ತಟ್ಟೆಯನ್ನು ಒಮ್ಮೆ ನಾನೇ ಎತ್ತಿಕೊಂಡು ಹೋದದ್ದಕ್ಕೆ ಅತ್ತೆ ಎರಡು ದಿನ ಮುಖ ಸಪ್ಪೆ ಮಾಡಿಕೊಂಡು ಓಡಾಡಿದರು. ಊಟದಲ್ಲಿ ಏನು ತಪ್ಪಾಯಿತೋ ಎಂದು ಅವರಿಗೆ ಚಿಂತೆ.

ಅತ್ತೆಯ ಹೆಸರು ರುಕ್ಮಿಣಮ್ಮ. ನನ್ನ ಹೆಂಡತಿ ವತ್ಸಲೆಗೆ ತಾಯಿ. ನಮ್ಮ ಮದುವೆಯಾಗಿ ಇಷ್ಟು ವರ್ಷವಾಗಿ, ಮಗಳು ಅದಿತಿ ಕಾಲೇಜು ಸೇರಿದರೂ ಅವರು ನನ್ನೊಂದಿಗೆ ನೇರವಾಗಿ ಒಂದು ಮಾತನ್ನೂ ಆಡಿದವರಲ್ಲ. ಇದು ಸಿಟ್ಟಲ್ಲ, ಗೌರವ. ನಾನು ಎದುರಿಗೇ ಕೂತಿರುತ್ತೇನೆ. ಅವರು ವತ್ಸಲೆಯ ಕಡೆ ತಿರುಗಿ, "ಅಳಿಯಂದ್ರಿಗೆ ಇನ್ನೊಂದು ದೋಸೆ ಬೇಕಾ ಕೇಳು" ಎನ್ನುತ್ತಾರೆ. ನಾನು ವತ್ಸಲೆಯ ಕಡೆ ತಿರುಗಿ ಸಾಕು ಎನ್ನುತ್ತೇನೆ. ವತ್ಸಲೆ ಇಲ್ಲದಿದ್ದರೆ ಅದಿತಿಯ ಮೂಲಕ ಮಾತು. ಅವಳೂ ಇಲ್ಲದಿದ್ದರೆ ಅತ್ತೆ ಗೋಡೆಗೋ ಕುಕ್ಕರಿಗೋ ಹೇಳುತ್ತಾರೆ: "ಕಾಫಿ ಆರಿ ಹೋಗ್ತಾ ಇದೆ, ಕುಡಿದ್ರೆ ಒಳ್ಳೇದು." ಕುಕ್ಕರು ಉತ್ತರ ಕೊಡುವುದಿಲ್ಲವಾದ್ದರಿಂದ ನಾನೇ ಎದ್ದು ಹೋಗಿ ಕುಡಿಯುತ್ತೇನೆ. ಆಫೀಸಿನಲ್ಲಿ ಕಡತಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ಯೋಗ್ಯ ಮಾರ್ಗದ ಮೂಲಕವೇ ಹೋಗಬೇಕೆಂಬ ನಿಯಮವಿದೆಯಲ್ಲ, ಹಾಗೆಯೇ ಇದೂ ಎಂದು ನಾನು ಹೊಂದಿಕೊಂಡಿದ್ದೆ.

ಮಾವನವರು ತೀರಿಕೊಂಡ ಮೇಲೆ ಕಳೆದ ಚಳಿಗಾಲದಲ್ಲಿ ಅತ್ತೆ ಬಾಡಿಗೆ ಮನೆ ಬಿಟ್ಟುಕೊಟ್ಟು ಘಾಜಿಯಾಬಾದಿನ ನಮ್ಮ ಫ್ಲ್ಯಾಟಿಗೆ ಬಂದರು. ಬಂದರು ಎನ್ನುವುದು ಅರ್ಧ ಸತ್ಯ. ಅವರ ಸೂಟ್‌ಕೇಸು ಮಾತ್ರ ಬರಲೇ ಇಲ್ಲ ಎನ್ನಬೇಕು. ಅದು ಅದಿತಿಯ ಕೋಣೆಯ ಮೂಲೆಯಲ್ಲಿ ಮುಚ್ಚಿಕೊಂಡೇ ನಿಂತಿತ್ತು. ಅತ್ತೆ ದಿನವೂ ಬೆಳಿಗ್ಗೆ ಅದರಿಂದ ಒಂದು ಸೀರೆ ತೆಗೆಯುವರು, ಒಗೆದು ಒಣಗಿಸಿದ್ದನ್ನು ಮಡಿಸಿ ಮತ್ತೆ ಅದರೊಳಗೇ ಇಡುವರು. ವತ್ಸಲೆ ಬೀರುವಿನಲ್ಲಿ ಎರಡು ಅಂಕಣ ಖಾಲಿ ಮಾಡಿ ಕೊಟ್ಟಿದ್ದಳು. ಅವು ಖಾಲಿಯಾಗಿಯೇ ಉಳಿದವು. ಅಳಿಯನ ಮನೆಯಲ್ಲಿ ಎಷ್ಟು ದಿನ ಅಂತ ಇರುವುದು, ಮೈಸೂರಿನಲ್ಲಿ ಅವರ ಗೆಳತಿ ಇರುವ ಹಿರಿಯರ ವಸತಿಯಲ್ಲಿ ಒಂದು ಕೋಣೆ ಸಿಗುತ್ತದಂತೆ, ಬೇಸಿಗೆ ಮುಗಿಯುತ್ತಲೇ ಹೊರಟುಬಿಡುತ್ತೇನೆ ಎಂದು ಅವರು ಮಗಳಿಗೆ ಹೇಳುತ್ತಿದ್ದರು. ವತ್ಸಲೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚದ ಹೊತ್ತಿನಲ್ಲೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಮುಚ್ಚುಮರೆ ಯಾಕೆ, ನನಗೂ ಅತ್ತೆ ಹೋಗುವುದು ಬೇಡವಾಗಿತ್ತು. ಮನೆಗೆ ಬಂದಾಗ ಬಾಗಿಲು ತೆಗೆಯುವ ಹೊತ್ತಿಗೇ ಒಗ್ಗರಣೆಯ ವಾಸನೆ ಬರುವುದು, ಒಳಗೆ ಯಾರೋ ಕನ್ನಡದಲ್ಲಿ ಗುನುಗುವುದು, ಇವೆಲ್ಲ ನನಗೆ ರೂಢಿಯಾಗಿಹೋಗಿದ್ದವು. ಆದರೆ ಇದನ್ನು ಅವರಿಗೆ ಹೇಳುವುದು ಹೇಗೆ? ಗೋಡೆಯ ಮೂಲಕ ಹೇಳುವಂಥ ಮಾತಲ್ಲ ಇದು.

ಇಂಥ ಪರಿಸ್ಥಿತಿಯಲ್ಲಿ ನಮ್ಮ ನೆರವಿಗೆ ಬಂದದ್ದು ಸಂಡಿಗೆ. ರಾಮನವಮಿಯ ದಿನ ನಮ್ಮ ಸೊಸೈಟಿಯ ಮತ್ತು ಆಸುಪಾಸಿನ ಕನ್ನಡಿಗರೆಲ್ಲ ಸೇರಿ ಪಾನಕ ಕೋಸಂಬರಿ ಜೊತೆಗೆ ಊಟ ಇಟ್ಟುಕೊಂಡಿದ್ದೆವು. ಅತ್ತೆ ಊರಿಂದ ತಂದಿದ್ದ ಅಕ್ಕಿ ಸಂಡಿಗೆಯನ್ನು ಕರಿದು ಬುಟ್ಟಿಯಲ್ಲಿ ಒಯ್ದರು. ಪಾಯಸಕ್ಕಿಂತ ಮೊದಲು ಬುಟ್ಟಿ ಖಾಲಿಯಾಯಿತು. ಇದನ್ನು ಮಾಡುವುದು ಹೇಗೆ, ನಮಗೂ ಕಲಿಸಿ ಎಂದು ಹೆಂಗಸರೆಲ್ಲ ಅತ್ತೆಯನ್ನು ಮುತ್ತಿಕೊಂಡರು. ನೋಯ್ಡಾದ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಾಜ್ನೀನ್ ಎಂಬ ಶಿವಮೊಗ್ಗದ ಹುಡುಗಿಯಂತೂ, ಅಲ್ಲಿ ಪಕ್ಕದ ಮನೆಯ ಅಜ್ಜಿ ಪ್ರತಿ ಬೇಸಿಗೆ ತಮಗೆ ಒಂದು ಡಬ್ಬ ಕೊಡುತ್ತಿದ್ದರೆಂದೂ, ಆ ಅಜ್ಜಿ ಹೋದ ಮೇಲೆ ಈ ರುಚಿಯನ್ನು ಇವತ್ತೇ ಕಂಡದ್ದೆಂದೂ ಹೇಳಿ ಅತ್ತೆಯ ಕೈ ಹಿಡಿದುಕೊಂಡು ನಿಂತುಬಿಟ್ಟಳು. ಅವತ್ತು ಮನೆಗೆ ಬರುವಾಗ ಅತ್ತೆಯ ನಡಿಗೆಯೇ ಬೇರೆಯಾಗಿತ್ತು.

ಮುಂದೆ ಮೇ ತಿಂಗಳು ಬಂತು. ಈ ಊರಿನ ಮೇ ತಿಂಗಳೆಂದರೆ ಜನ ಕಿಟಕಿಗೆ ಪರದೆ ಎಳೆದುಕೊಂಡು ಕೂಲರಿನ ಮುಂದೆ ಬಿದ್ದುಕೊಳ್ಳುವ ಕಾಲ. ನಮ್ಮದು ಕೊನೆಯ ಮಹಡಿ, ನೆತ್ತಿಯ ಮೇಲೆ ತಾರಸಿ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ಮೇಲೆ ಹೋದ ಅತ್ತೆ ನಿಧಿ ಕಂಡವರ ಹಾಗೆ ಮುಖ ಅರಳಿಸಿಕೊಂಡು ಇಳಿದು ಬಂದರು. "ಇಂಥ ಬಿಸಿಲನ್ನ ಸುಮ್ನೆ ಹಾಳು ಮಾಡ್ತಾ ಇದ್ದೀರಲ್ಲೇ, ವತ್ಸಲಾ" ಎಂದರು. ಇಡೀ ದೆಹಲಿ ಬೈಯುವ ಬಿಸಿಲನ್ನು ಹೊಗಳಿದ ಮೊದಲ ವ್ಯಕ್ತಿ ನಮ್ಮ ಅತ್ತೆಯೇ ಇರಬೇಕು. ವತ್ಸಲೆ ಆ ಗಳಿಗೆಯನ್ನು ಬಿಡಲಿಲ್ಲ. ಹಾಗಾದರೆ ಎಲ್ಲರಿಗೂ ಸಂಡಿಗೆ ಕಲಿಸಿಬಿಡಮ್ಮ, ತರಗತಿ ಮಾಡೋಣ ಎಂದಳು. ಅಳಿಯಂದಿರು ಏನೆನ್ನುತ್ತಾರೋ ಎಂದು ಅತ್ತೆ ಕುಕ್ಕರಿನ ಕಡೆ ನೋಡಿದರು. ಅಳಿಯಂದಿರು ಕುಕ್ಕರಿನ ಕಡೆ ನೋಡಿಯೇ ಬಹಳ ಸಂತೋಷ ಎಂದರು.

ತರಗತಿ ಎಂದಮೇಲೆ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂದು ತಿಳಿಯಬೇಕಲ್ಲ. ವತ್ಸಲೆ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ ವಿಷಯ ಹಾಕಿದಳು. ಉತ್ತರವಾಗಿ ಹೆಬ್ಬೆರಳುಗಳೂ ಹೂಗುಚ್ಛಗಳೂ ನಮಸ್ಕಾರಗಳೂ ಬಂದವು. ಒಬ್ಬರು ಶನಿವಾರ ಎಂದರೆ ಇನ್ನೊಬ್ಬರು ಭಾನುವಾರ ಎಂದರು, ಮತ್ತೊಬ್ಬರು ಇದರ ನಡುವೆಯೇ ಮನೆಗೆಲಸದವಳು ಬೇಕೆಂದು ಕೇಳಿದರು. ಅದಿತಿ ಇದನ್ನೆಲ್ಲ ನೋಡಿ, ಈಗ ಯೋಗದವರು ಡ್ಯಾನ್ಸಿನವರು ಎಲ್ಲ ಆನ್‌ಲೈನ್ ಬುಕಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡಿದ್ದಾರೆ, ಜನ ತಾವೇ ಹೆಸರು ಹಾಕಿಕೊಳ್ಳುತ್ತಾರೆ, ನಾನು ಮಾಡಿಕೊಡುತ್ತೇನೆ ಎಂದಳು. ಇಲ್ಲಿ ನನ್ನ ಆತ್ಮಗೌರವ ತಲೆ ಎತ್ತಿತು. ನಮ್ಮ ವಿಭಾಗದಲ್ಲಿ ಕಡತಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ನಾನೇ ನೋಡಲ್ ಅಧಿಕಾರಿ. ಪಾಸ್‌ವರ್ಡ್ ಮರೆತವರೆಲ್ಲ ನನ್ನ ಬಳಿಗೇ ಬರುತ್ತಾರೆ. ನಾನು ಅವರನ್ನು ಕೆಳಗಿನ ಮಹಡಿಯ ತಾಂತ್ರಿಕ ವಿಭಾಗಕ್ಕೆ ಕಳಿಸುತ್ತೇನೆ. ಇಷ್ಟು ಅನುಭವವಿರುವ ಮನುಷ್ಯ ಮನೆಯಲ್ಲೇ ಇರುವಾಗ ಹುಡುಗಿಯ ಸಹಾಯ ಯಾಕೆ? ಅಲ್ಲದೆ ಅತ್ತೆಗೆ ನನ್ನ ಕಡೆಯಿಂದ ಒಂದು ಸೇವೆಯಾಗಲಿ ಎಂಬ ಆಸೆಯೂ ಇತ್ತು. ನಾನೇ ಮಾಡುತ್ತೇನೆ ಎಂದು ಲ್ಯಾಪ್‌ಟಾಪ್ ಎಳೆದುಕೊಂಡೆ.

ಸಾಫ್ಟ್‌ವೇರ್ ಮೊದಲಿಗೇ ಒಂದು ಪ್ರಶ್ನೆ ಕೇಳಿತು. ನೀವು ಮಾಡುವುದು ಗ್ರೂಪ್ ಕ್ಲಾಸೋ, ಕೋರ್ಸೋ? ಕ್ಲಾಸಾದರೆ ಪ್ರತಿಯೊಂದೂ ಬಿಡಿ. ಬೇಕಾದವರು ಬೇಕಾದದ್ದಕ್ಕೆ ಹೆಸರು ಹಾಕಿಕೊಳ್ಳಬಹುದು. ಕೋರ್ಸಾದರೆ ಎಲ್ಲವೂ ಇಡಿ. ಸೇರಿದವರು ಮೊದಲಿನಿಂದ ಕೊನೆಯವರೆಗೂ ಬರಬೇಕು. ಕೋರ್ಸನ್ನು ಒತ್ತಿ ನೋಡಿದೆ. ತಡವಾಗಿ ಸೇರುವವರನ್ನು ಏನು ಮಾಡುತ್ತೀರಿ, ಒಂದು ದಿನ ತಪ್ಪಿಸಿದರೆ ಏನು ಮಾಡುತ್ತೀರಿ ಎಂದು ಅದು ಲೋಕಸಭೆಯ ಪ್ರಶ್ನೋತ್ತರದ ಹಾಗೆ ಕೇಳುತ್ತಾ ಹೋಯಿತು. ನಮ್ಮ ಜನ ಕೆಲಸಕ್ಕೆ ಹೋಗುವವರು, ಅವರನ್ನು ಹೀಗೆ ಕಟ್ಟಿಹಾಕುವುದು ಸರಿಯಲ್ಲ, ಸ್ವಾತಂತ್ರ್ಯವಿರಲಿ ಎಂದು ಉದಾರವಾಗಿ ಯೋಚಿಸಿ ಗ್ರೂಪ್ ಕ್ಲಾಸನ್ನೇ ಆರಿಸಿಕೊಂಡೆ. ಅಕ್ಕಿ ಸಂಡಿಗೆಯ ಕೆಲಸವನ್ನು ಅತ್ತೆಯಿಂದ, ವತ್ಸಲೆಯ ಮೂಲಕ, ಕೇಳಿ ತಿಳಿದು ನಾಲ್ಕು ಭಾಗ ಮಾಡಿದೆ. ಮೊದಲನೆಯದು, ನೆನೆದ ಅಕ್ಕಿಯನ್ನು ರುಬ್ಬುವುದು. ಎರಡನೆಯದು, ನಸುಕಿನಲ್ಲಿ ಹಿಟ್ಟು ಕಾಯಿಸಿ ತಾರಸಿಯಲ್ಲಿ ಸಂಡಿಗೆ ಇಡುವುದು. ಮೂರನೆಯದು, ಅವನ್ನು ಬಿಡಿಸಿ, ತಿರುವಿಹಾಕಿ, ಒಣಗುವ ತನಕ ಕಾಯುವುದು. ನಾಲ್ಕನೆಯದು, ಕರಿದು ರುಚಿ ನೋಡುವುದು. ಪ್ರತಿಯೊಂದಕ್ಕೂ ನಮ್ಮ ಅಡುಗೆಮನೆ ಹಿಡಿಸುವಷ್ಟು ಜಾಗ ಇಟ್ಟೆ. ಜ್ಞಾಪನೆಯ ಸಂದೇಶದ ಕರಡು ಬೇಕೆಂದಿತು. ಕರಡು ಬರೆಯುವುದೆಂದರೆ ನನಗೆ ಹಬ್ಬ. "ತಾವು ತಪ್ಪದೆ ಹಾಜರಾಗತಕ್ಕದ್ದು, ಗೈರುಹಾಜರಿಗೆ ಸೂಕ್ತ ಕಾರಣ ನೀಡಿ ಬೋಧಕರ ಪೂರ್ವಾನುಮತಿ ಪಡೆಯತಕ್ಕದ್ದು" ಎಂದು ಬರೆದು, ಓದಿಕೊಂಡು, ಇನ್ನೊಮ್ಮೆ ಓದಿಕೊಂಡೆ. ರದ್ದಾದರೆ ಕಳಿಸುವ ಸಂದೇಶವನ್ನೂ ಅದೇ ಹದದಲ್ಲಿ ಬರೆದಿಟ್ಟೆ.

ಲಿಂಕ್ ಕಳಿಸಿದ್ದೇನೆ ಎಂದು ಪ್ರಕಟಿಸಿದಾಗ ಅತ್ತೆ ವತ್ಸಲೆಯನ್ನು ಕೇಳಿದರು: "ಅದು ಕಳಿಸಿದ್ರೆ ಕರೆದ ಹಾಗಾಯ್ತಾ?" ಅವರ ಪ್ರಕಾರ ಅರಿಶಿನ ಕುಂಕುಮದ ಬಟ್ಟಲು ಹಿಡಿದು ನಾಲ್ಕು ಮನೆ ಹತ್ತಿ ಇಳಿದು ಬಂದರೆ ಕರೆಯುವುದು. ಈ ಕಾಲದಲ್ಲಿ ಅದೆಲ್ಲ ಯಾರಿಗೆ ಬೇಕು ಎಂದು ನಾನು, ವತ್ಸಲೆಯ ಮೂಲಕ, ಸಮಾಧಾನ ಹೇಳಿದೆ.

ಮಾರನೆಯ ದಿನ ಮೆಟ್ರೋದಲ್ಲಿ ನಿಂತಿರುವಾಗಲೇ ಫೋನು ಕುಂಯ್ ಕುಂಯ್ ಎನ್ನತೊಡಗಿತು. ಹೆಸರಿನ ಮೇಲೆ ಹೆಸರು. ಸಂಜೆಯ ಹೊತ್ತಿಗೆ, ಜಾಗ ಭರ್ತಿಯಾಗಿದೆ, ಇನ್ನು ಮುಂದೆ ಬರುವವರನ್ನು ಕಾಯುವವರ ಪಟ್ಟಿಗೆ ಸೇರಿಸಲಾಗುವುದು ಎಂದು ಸಾಫ್ಟ್‌ವೇರೇ ತಿಳಿಸಿತು. ಯಾವುದರ ಜಾಗ ಎಂದು ನೋಡುವ ತಾಳ್ಮೆ ಆ ಸಂಭ್ರಮದಲ್ಲಿ ನನಗಿರಲಿಲ್ಲ. ಮನೆಗೆ ಬಂದವನೇ ಹೌಸ್‌ಫುಲ್ ಎಂದು ಸಾರಿದೆ. ಅತ್ತೆ ಎದ್ದು ಕೋಣೆಗೆ ಹೋದರು. ಸೂಟ್‌ಕೇಸಿನ ತಳದಿಂದ, ಟವೆಲಿನಲ್ಲಿ ಸುತ್ತಿಟ್ಟಿದ್ದ ಹಿತ್ತಾಳೆಯ ಚಕ್ಕುಲಿ ಒರಳನ್ನು ತೆಗೆದು ತಂದು, ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಬಂದಂದಿನಿಂದ ಆ ಪೆಟ್ಟಿಗೆಯಿಂದ ಹೊರಬಂದು ಮತ್ತೆ ಒಳಗೆ ಹೋಗದ ಮೊದಲ ವಸ್ತು ಅದು. ವತ್ಸಲೆ ನನ್ನ ಕಡೆ ನೋಡಿದ ನೋಟದಲ್ಲಿ ಎಷ್ಟು ಕೃತಜ್ಞತೆ ಇತ್ತೆಂದರೆ, ನನಗೆ ಸ್ವಲ್ಪ ಕೊಬ್ಬೇ ಬಂತು. ಅತ್ತೆ ಅಷ್ಟು ಜನಕ್ಕೂ ಆಗುವಂತೆ ಅಕ್ಕಿ ಅಳೆದು ನೆನೆಹಾಕಿ, ದಿನವೂ ನೀರು ಬದಲಿಸತೊಡಗಿದರು.

ರುಬ್ಬುವ ದಿನ ಶನಿವಾರ ಸಂಜೆ. ಅತ್ತೆ ಇಳಕಲ್ ಸೀರೆ ಉಟ್ಟು ಗ್ರೈಂಡರಿನ ಪಕ್ಕ ನಿಂತಿದ್ದರು. ಬಂದವರಿಗೆ ಕೊಡಲು ಮಜ್ಜಿಗೆ ಮಾಡಿಟ್ಟಿದ್ದರು. ಬಾಗಿಲ ಗಂಟೆ ಒಂದು ಸಲ ಹೊಡೆಯಿತು. ನಾಜ್ನೀನ್ ಬಂದಳು. ಆಮೇಲೆ ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಅತ್ತೆ ಬಾಗಿಲು ನೋಡಿದರು, ವತ್ಸಲೆ ನನ್ನನ್ನು ನೋಡಿದಳು, ನಾನು ಟ್ರಾಫಿಕ್ ಇರಬೇಕು ಎಂದೆ. ಅರ್ಧಕ್ಕರ್ಧ ಜನ ನಮ್ಮ ಸೊಸೈಟಿಯವರೇ, ಲಿಫ್ಟಿನಲ್ಲಿ ಬರುವವರು. ಕೊನೆಗೆ ಅದಿತಿ ನನ್ನ ಲ್ಯಾಪ್‌ಟಾಪ್ ತೆಗೆದು ನೋಡಿ ಹಣೆ ಚಚ್ಚಿಕೊಂಡಳು. "ಪಪ್ಪಾ, ಯೇ ಕ್ಯಾ ಕಿಯಾ? ಇದು ಕೋರ್ಸ್ ಅಲ್ಲ, ಚಾರ್ ಅಲಗ್ ಕ್ಲಾಸ್. ಎಲ್ರೂ ಫೋರ್ತ್ ಮಾತ್ರ ಬುಕ್ ಮಾಡಿದ್ದಾರೆ. ಖಾನೇ ವಾಲಾ."

ನೋಡಿದರೆ ನಿಜ. ಕರಿದು ರುಚಿ ನೋಡುವ ತರಗತಿ ತುಂಬಿ ತುಳುಕಿ, ಅದರ ಹೊರಗೆ ಇನ್ನಷ್ಟು ಜನ ಕಾಯುತ್ತಿದ್ದರು. ರುಬ್ಬುವುದಕ್ಕೂ ಕಾಯಿಸುವುದಕ್ಕೂ ನಾಜ್ನೀನ್ ಒಬ್ಬಳೇ. ಒಣಗುವ ತನಕ ಕಾಯುವ ಮೂರನೆಯ ತರಗತಿಗೆ ಮಾತ್ರ ಅವಳ ಜೊತೆ ಪಕ್ಕದ ಬ್ಲಾಕಿನ ನಿವೃತ್ತ ಅಧಿಕಾರಿ ಶ್ರೀನಿವಾಸಯ್ಯನವರು ಹೆಸರು ಕೊಟ್ಟಿದ್ದರು. ಸುಮ್ಮನೆ ಕೂತು ನೋಡುವ ಕೆಲಸದಲ್ಲಿ ಅವರಿಗೆ ದೀರ್ಘ ಸೇವೆಯ ಅನುಭವವಿತ್ತು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಹೋಗ್ಲಿ ಬಿಡು, ತಿನ್ನೋಕಾದ್ರೂ ಬರ್ತಾರಲ್ಲ" ಎಂದು ನಾಜ್ನೀನಳಿಗೆ ಮಜ್ಜಿಗೆ ಕೊಟ್ಟರು. ಇಬ್ಬರೂ ಸೇರಿ ಅಷ್ಟೂ ಅಕ್ಕಿ ರುಬ್ಬಿದರು. ಕೈ ತೊಳೆದುಕೊಂಡು ಬಂದು ಅತ್ತೆ ಮೆಲ್ಲಗೆ ವತ್ಸಲೆಗೆ ಹೇಳಿದ ಮಾತು ನನಗೂ ಕೇಳಿಸಿತು. ಮೈಸೂರಿನ ಕೋಣೆಗೆ ಬರುತ್ತೇನೆಂದು ಗೆಳತಿಗೆ ತಿಳಿಸಿಬಿಡು, ರೈಲಿಗೆ ಟಿಕೆಟ್ ನೋಡು ಎಂಬುದು ಆ ಮಾತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವರಿಗೆ ಈ ಊರಿನಲ್ಲಿ ಜನ ಬೇಕಾಗಿದ್ದರು. ನಾನು ಅವರಿಗೆ ಗಿರಾಕಿಗಳನ್ನು ತಂದುಕೊಟ್ಟಿದ್ದೆ.

ತಪ್ಪನ್ನು ತಕ್ಷಣ ಸರಿಪಡಿಸಬೇಕೆಂಬ ಆವೇಶದಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಈ ನಾಲ್ಕನ್ನೂ ತೆಗೆದುಹಾಕಿ ಕೋರ್ಸ್ ಆಗಿ ಮಾಡಿದರೆ ಎಲ್ಲರೂ ಎಲ್ಲದಕ್ಕೂ ಬರಲೇಬೇಕಾಗುತ್ತದಲ್ಲ ಎಂದು, ಅದಿತಿ ತಡೆಯುವುದರೊಳಗೆ ರದ್ದು ಎಂಬಲ್ಲಿ ಒತ್ತಿದೆ. ಸಾಫ್ಟ್‌ವೇರ್ ವಿಧೇಯ ಗುಮಾಸ್ತನಂತೆ, ನಾನೇ ಬರೆದಿಟ್ಟಿದ್ದ ಕರಡನ್ನು ಅಷ್ಟೂ ಜನಕ್ಕೆ ರವಾನಿಸಿತು. "ಆಡಳಿತಾತ್ಮಕ ಕಾರಣಗಳಿಂದ ತಮ್ಮ ಹೆಸರನ್ನು ರದ್ದುಪಡಿಸಲಾಗಿದೆ." ಊಟಕ್ಕೆ ಕರೆದು ಆಡಳಿತಾತ್ಮಕ ಕಾರಣಗಳಿಂದ ಬೇಡ ಎಂದವನು ಕನ್ನಡಿಗರಲ್ಲಿ ನಾನೇ ಮೊದಲಿಗನಿರಬೇಕು. ಎರಡು ನಿಮಿಷದಲ್ಲಿ ವತ್ಸಲೆಯ ಫೋನು ಹೊಡೆದುಕೊಳ್ಳತೊಡಗಿತು. ಮೊದಲು ಎದುರು ಬ್ಲಾಕಿನ ಸುಮಿತ್ರಾ. ನಮ್ಮಿಂದ ಏನು ತಪ್ಪಾಯಿತು, ಬರಬೇಡಿ ಅಂತ ನೇರವಾಗಿ ಹೇಳಬಹುದಿತ್ತಲ್ಲ ಎಂದು ಅವಳ ಧ್ವನಿ ನಡುಗುತ್ತಿತ್ತು. ವತ್ಸಲೆ ತಡವರಿಸಿದಳು. ಅಷ್ಟರಲ್ಲಿ ಅತ್ತೆ ಬಂದು ಫೋನಿಗೆ ಕೈ ಚಾಚಿದರು.

"ನೋಡಮ್ಮ, ಕ್ಲಾಸು ಗೀಸು ಎಲ್ಲ ಬಿಡು. ಒಂದು ಕೊಳಗ ಹಿಟ್ಟು ರುಬ್ಬಿಟ್ಕೊಂಡು ಕೂತಿದ್ದೀನಿ. ನನ್ನೊಬ್ಬಳ ಕೈಲಿ ಆಗಲ್ಲ. ಬೆಳಿಗ್ಗೆ ಬೇಗ ಬಂದು ಸ್ವಲ್ಪ ಕೈ ಜೋಡಿಸ್ತೀಯಾ?"

ಆ ಕಡೆಯಿಂದ ಅಯ್ಯೋ, ಅದಕ್ಕೇನಂತೆ, ಬರುತ್ತೇನೆ ಎಂಬ ಉತ್ತರ ನನಗೇ ಕೇಳಿಸಿತು. ಅತ್ತೆ ಕುರ್ಚಿ ಎಳೆದುಕೊಂಡು ಕೂತು, ವತ್ಸಲೆಯಿಂದ ಒಂದೊಂದೇ ನಂಬರು ಹಚ್ಚಿಸಿ, ಪ್ರತಿಯೊಬ್ಬರಿಗೂ ಅದೇ ಮಾತು ಹೇಳಿದರು. ಯಾರೂ ಇಲ್ಲವೆನ್ನಲಿಲ್ಲ. ನಮ್ಮ ಜನದ ಗುಟ್ಟು ನನಗೆ ಆಗ ತಿಳಿಯಿತು. ಕಲಿಯಲು ಬನ್ನಿ ಎಂದರೆ ಎಲ್ಲರಿಗೂ ಕೆಲಸವಿರುತ್ತದೆ, ತಿನ್ನಲು ಬನ್ನಿ ಎಂದರೆ ಎಲ್ಲರಿಗೂ ಬಿಡುವಿರುತ್ತದೆ, ಆದರೆ ಕೈ ಸಾಲದು ಬನ್ನಿ ಎಂದರೆ ಎಂಥ ಸೋಮಾರಿಯೂ ಎದ್ದು ಬರುತ್ತಾನೆ. ಯಾವ ಸಾಫ್ಟ್‌ವೇರಿನಲ್ಲೂ ಇದನ್ನು ಬರೆಯಲು ಜಾಗ ಬಿಟ್ಟಿರುವುದನ್ನು ನಾನು ಕಾಣೆ.

ಭಾನುವಾರ ಇನ್ನೂ ಬೆಳಕು ಹರಿಯುವ ಮೊದಲೇ ಮನೆ ತುಂಬಿತು. ನೈಟಿಯ ಮೇಲೆ ದುಪಟ್ಟಾ ಹೊದ್ದು ಬಂದವರು ಕೆಲವರು, ನೋಯ್ಡಾದಿಂದ ಕ್ಯಾಬ್ ಹಿಡಿದು ಬಂದವರು ಕೆಲವರು. ಗಾರ್ಡ್ ಭಯ್ಯಾ ತಾರಸಿಯ ಬೀಗ ತೆಗೆದು, ಮಾತಾಜಿಯ ಮನೆಯಲ್ಲಿ ಮದುವೆಯೇನು ಎಂದು ಕೇಳಿ ಹೋದ. ಅಡುಗೆಮನೆಯಲ್ಲಿ ಎರಡು ಒಲೆಯ ಮೇಲೆ ಎರಡು ಪಾತ್ರೆ. ಜೀರಿಗೆ, ಇಂಗು, ಹಸಿಮೆಣಸಿನಕಾಯಿ ಹಾಕಿದ ಹಿಟ್ಟು ಬೇಯುವ ವಾಸನೆಗೆ ನನಗೂ ಎಚ್ಚರವಾಯಿತು. ಮೊದಲ ಪಾತ್ರೆಯ ಹಿಟ್ಟು ಹದಕ್ಕೆ ಬಂದದ್ದೇ ಹೆಂಗಸರೆಲ್ಲ ಅದನ್ನೂ ಒರಳನ್ನೂ ಹೊತ್ತುಕೊಂಡು ತಾರಸಿಗೆ ಹತ್ತಿದರು. ಅಲ್ಲಿಂದ ನಾಜ್ನೀನ್, ಅಜ್ಜಿ ಬನ್ನಿ, ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಸವರಬೇಕಾ ಎಂದು ಕೂಗುತ್ತಿದ್ದಳು. ಸರಿಯಾಗಿ ಆ ಹೊತ್ತಿನಲ್ಲಿ ನಾನು ಖಾಲಿ ಲೋಟ ಹಿಡಿದು, ಎರಡನೆಯ ಕಾಫಿಯ ನಿರೀಕ್ಷೆಯಲ್ಲಿ, ಅಳಿಯನ ಗಾಂಭೀರ್ಯದಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಒಳಗೆ ಅತ್ತೆ ಒಬ್ಬರೇ. ಎರಡನೆಯ ಪಾತ್ರೆ ಕೊತಕೊತ ಎನ್ನುತ್ತಿತ್ತು. ಅದನ್ನು ಬಿಟ್ಟು ಅವರು ಮೇಲೆ ಹೋಗುವಂತಿಲ್ಲ, ಮೇಲೆ ಹೋಗದೆ ಅಲ್ಲಿ ಕೆಲಸ ಸಾಗುವಂತಿಲ್ಲ. ಅವರು ಎಡಕ್ಕೆ ನೋಡಿದರು. ವತ್ಸಲೆ ಇರಲಿಲ್ಲ. ಬಲಕ್ಕೆ ನೋಡಿದರು. ಅದಿತಿಯೂ ಇರಲಿಲ್ಲ. ಗೋಡೆ ನೋಡಿದರು. ಕುಕ್ಕರನ್ನು ನೋಡಿದರು, ಜಾಗ ಸಾಲದೆಂದು ಅದನ್ನು ಯಾರೋ ಬಾಲ್ಕನಿಗೆ ಸಾಗಿಸಿದ್ದರು. ಕೊನೆಗೆ ನನ್ನನ್ನೇ ನೋಡಿದರು.

"ಅದೇನ್ ನಿಂತು ನೋಡ್ತೀರಿ? ಬನ್ನಿ, ಸೌಟು ಹಿಡೀರಿ. ಕೈ ನಿಲ್ಲಿಸಿದ್ರೆ ಗಂಟಾಗತ್ತೆ."

ನನ್ನ ಕೈಯ ಲೋಟ ತೆಗೆದುಕೊಂಡು ಸೌಟು ಕೊಟ್ಟು ಅವರು ಮೇಲೆ ಹೋಗಿಯೇಬಿಟ್ಟರು. ನಾನು ಕೈಯಾಡಿಸತೊಡಗಿದೆ. ಮೊದಲು ಇದೇನು ಮಹಾ ಎನ್ನಿಸಿತು. ಸ್ವಲ್ಪ ಹೊತ್ತಿಗೆ ಹಿಟ್ಟು ಬಿಗಿದುಕೊಂಡು ಸೌಟನ್ನೇ ಹಿಡಿದಿಟ್ಟುಕೊಳ್ಳತೊಡಗಿತು. ಭುಜ ಬೇಡವೆಂದಿತು, ಬೆವರು ಕಣ್ಣಿಗಿಳಿಯಿತು, ಕನ್ನಡಕ ಆವಿಯಿಂದ ಮಬ್ಬಾಯಿತು. ತಿಪಟೂರಿನ ಊಟಗಳಲ್ಲಿ ನಾನು ಕರುಂ ಕುರುಂ ಎಂದು ಲೆಕ್ಕವಿಲ್ಲದೆ ತಿಂದ ಸಂಡಿಗೆಯ ಹಿಂದೆ ಇಂಥದ್ದೊಂದು ಕುಸ್ತಿ ಇತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಕನ್ನಡಕ ಒರೆಸಿಕೊಳ್ಳಲು ಒಂದೇ ಒಂದು ಗಳಿಗೆ ಕೈ ನಿಲ್ಲಿಸಿದೆ. ಅಷ್ಟರಲ್ಲಿ ಅತ್ತೆ ಇಳಿದು ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಗಂಟು ಮಾಡಿಬಿಟ್ರಲ್ಲ. ಇಷ್ಟು ಓದಿದ್ದೀರಿ, ಒಂದು ಸೌಟು ತಿರುಗಿಸೋಕೆ ಬರಲ್ವಾ ನಿಮಗೆ?"

ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಆಫೀಸಿನಲ್ಲಿ ಮೇಲಧಿಕಾರಿಗಳು ಬೈದರೆ ನಾನು ವಾರಗಟ್ಟಲೆ ಮನಸ್ಸಿಗೆ ಹಚ್ಚಿಕೊಳ್ಳುವವನು. ಆದರೆ ಇದು ಮನೆಯವರನ್ನು ಬೈಯುವ ಬೈಗುಳ. ಅತಿಥಿಗಳಾಗಿ ಬಂದವರು ಹೀಗೆ ಬೈಯುವುದಿಲ್ಲ. ಹೀಗೆ ಬೈಯಬೇಕಾದರೆ ಆ ಅಡುಗೆಮನೆ ತಮ್ಮದೆಂಬ ಧೈರ್ಯವಿರಬೇಕು. ಬಾಗಿಲಲ್ಲಿ ವತ್ಸಲೆ ಬಂದು ನಿಂತಿದ್ದಳು. ಅಮ್ಮ ಅಳಿಯನನ್ನು ಬೈದದ್ದನ್ನು ಕೇಳಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಅವಳ ಕಣ್ಣಲ್ಲಿ ನೀರಿತ್ತು. "ಅತ್ತೆ, ನೀವು ಹೋಗಿಬಿಟ್ರೆ ನನಗೆ ಇದನ್ನ ಕಲಿಸೋರು ಯಾರು?" ಎಂದು ನಾನು ಸೌಟು ಹಿಡಿದೇ ಕೇಳಿದೆ. ಯಾವ ಮಾರ್ಗದ ಮೂಲಕವೂ ಅಲ್ಲ, ನೇರವಾಗಿ. ಅತ್ತೆ ಪಾತ್ರೆಯ ಕಡೆ ಕೈ ತೋರಿಸಿ, ಮೊದಲು ಗಂಟು ಒಡೀರಿ ಎಂದರು.

ಅವತ್ತಿನ ಬಿಸಿಲು ಅತ್ತೆಯ ನಂಬಿಕೆಯನ್ನು ಉಳಿಸಿತು. ಶ್ರೀನಿವಾಸಯ್ಯನವರು ಛತ್ರಿ, ದಿನಪತ್ರಿಕೆ, ಕೋಲು ಸಮೇತ ಬಂದು, ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಮಂಗಗಳೂ ಪಾರಿವಾಳಗಳೂ ಮುಟ್ಟದಂತೆ ಕಾದರು. ನಡುವೆ ಅವರು ನಿದ್ದೆ ಹೋದಾಗ ಮಂಗಗಳು ಬಂದು ಒಂದು ಹಾಳೆಯನ್ನು ಪರಿಶೀಲಿಸಿ ಹೋದವೆಂದು ನಾಜ್ನೀನ್ ಆಪಾದಿಸುತ್ತಾಳೆ. ಅವರು ಅದನ್ನು ಖಂಡಿತವಾಗಿ ಅಲ್ಲಗಳೆಯುತ್ತಾರೆ. ಕರಿಯುವ ದಿನ ಎಲ್ಲರೂ ಬಂದರು, ಕಾಯುವವರ ಪಟ್ಟಿಯಲ್ಲಿದ್ದವರೂ ಬಂದರು. ಎಣ್ಣೆಯಲ್ಲಿ ಅರಳಿದ ಸಂಡಿಗೆಗಳಲ್ಲಿ ಕೆಲವು ಮಾತ್ರ ಅರಳದೆ ಗುಂಡಿಗಳ ಹಾಗೆ ಗಟ್ಟಿಯಾಗಿ ಉಳಿದವು. ಅವು ಯಾವ ಪಾತ್ರೆಯವು ಎಂದು ಅತ್ತೆ ಎಲ್ಲರಿಗೂ ಹೇಳಿದರು. ಹಲ್ಲಿಗೆ ಅಪಾಯವೆಂದು ಯಾರೂ ಮುಟ್ಟದ ಅವನ್ನು ನಾನೇ ತಿಂದು ಮುಗಿಸಿದೆ. ಮುಂದಿನ ವಾರ ನೋಡುತ್ತೇನೆ, ಬೀರುವಿನ ಎರಡು ಅಂಕಣಗಳಲ್ಲಿ ಸೀರೆಗಳು ಕೂತಿದ್ದವು. ಖಾಲಿ ಸೂಟ್‌ಕೇಸನ್ನು ಅಟ್ಟದ ಮೇಲೆ ಹಾಕಲು ಅತ್ತೆ ಯಾರನ್ನು ಕರೆದರೆಂದು ಬೇರೆ ಹೇಳಬೇಕಾಗಿಲ್ಲ. ಹುಷಾರು, ಗೋಡೆಗೆ ತಗುಲಿಸಬೇಡಿ ಎಂದೂ ಹೇಳಿದರು.

ಹೀಗೆ ನನ್ನ ಹುದ್ದೆ ಹೋಯಿತು. ಈಗ ಅತ್ತೆ ತರಕಾರಿಗೆ ನನ್ನನ್ನೇ ಕಳಿಸುತ್ತಾರೆ, ತಂದ ಬದನೆಕಾಯಿಯಲ್ಲಿ ಹುಳ ತೋರಿಸುತ್ತಾರೆ. ಎರಡನೆಯ ಕಾಫಿ ಬೇಕಾದರೆ ನಾನೇ ಬಿಸಿ ಮಾಡಿಕೊಳ್ಳಬೇಕು. ತಟ್ಟೆ ಎತ್ತುವುದಿರಲಿ, ತೊಳೆದಿಟ್ಟದ್ದು ಸಾಲದೆಂದು ಮೊನ್ನೆ ವಾಪಸ್ ಬಂತು. ಇಷ್ಟರ ನಡುವೆ ಒಂದು ದಿನ ಮೆಟ್ರೋದಲ್ಲಿ ನಿಂತಿರುವಾಗ ಫೋನು ಕುಂಯ್ ಎಂದಿತು. ಉದ್ದಿನ ಹಪ್ಪಳದ ಕೋರ್ಸಿಗೆ ನಾನು ದಾಖಲಾಗಿದ್ದೇನಂತೆ. "ತಾವು ತಪ್ಪದೆ ಹಾಜರಾಗತಕ್ಕದ್ದು, ಗೈರುಹಾಜರಿಗೆ ಸೂಕ್ತ ಕಾರಣ ನೀಡಿ ಬೋಧಕರ ಪೂರ್ವಾನುಮತಿ ಪಡೆಯತಕ್ಕದ್ದು." ಕರಡು ಬಹಳ ಬಿಗಿಯಾಗಿತ್ತು, ನುಸುಳಲು ಎಲ್ಲೂ ಸಂದಿ ಇರಲಿಲ್ಲ. ಈ ಸಲ ಎಲ್ಲವನ್ನೂ ಮಾಡಿದವಳು ಅದಿತಿ, ಆದ್ದರಿಂದ ಅದು ಬಿಡಿ ತರಗತಿಗಳಲ್ಲ, ಮೊದಲಿನಿಂದ ಕೊನೆಯವರೆಗೂ ಬರಲೇಬೇಕಾದ ಕೋರ್ಸು. ಮೊದಲ ದಿನದ ಪಾಠ, ಹಿಟ್ಟು ಕುಟ್ಟುವುದು. ಅದಕ್ಕೆ ಗಟ್ಟಿ ತೋಳು ಬೇಕೆಂದು ಅತ್ತೆ ನನ್ನ ಹೆಸರು ಹೇಳಿದರಂತೆ.

ಮನೆಗೆ ಬಂದು ವತ್ಸಲೆಗೆ ಗುಟ್ಟಾಗಿ ಹೇಳಿದೆ: ನನಗೆ ಬೆನ್ನು ನೋವು, ಈ ಒಂದು ಸಲ ವಿನಾಯಿತಿ ಕೊಡುತ್ತಾರಾ ಅಂತ ಅಮ್ಮನನ್ನು ಕೇಳು. ಅವಳು ಟಿವಿಯಿಂದ ಕಣ್ಣು ತೆಗೆಯದೆ, ನನ್ನನ್ನು ಯಾಕೆ ಮಧ್ಯೆ ಎಳೆಯುತ್ತೀರಿ, ಈಗ ನೀವೇ ಮಾತಾಡುತ್ತೀರಲ್ಲ ಎಂದಳು. ಧೈರ್ಯ ಮಾಡಿ ಅಡುಗೆಮನೆಗೆ ಹೋಗಿ, ಅತ್ತೆ ಎಂದೆ. ಅವರು ತಿರುಗಿ ನೋಡಲಿಲ್ಲ. "ಬಂದ್ರಾ, ಒಳ್ಳೇದಾಯ್ತು. ಅಟ್ಟದಿಂದ ಆ ಒನಕೆ ಇಳಿಸಿಕೊಡಿ" ಎಂದರು. ನಾನು ಕುಕ್ಕರಿನ ಕಡೆ ನೋಡಿದೆ. ಅದು ನನ್ನ ಪರವಾಗಿ ಏನನ್ನೂ ಹೇಳಲಿಲ್ಲ. ಒನಕೆ ಇಳಿಸಿಕೊಟ್ಟೆ.